ಇಪ್ಪತ್ತೆರಡು ಅಡಿ ಪೈಪು, ಒಂದು ಗಿಟಾರು

1965ರಲ್ಲಿ ನಾನು ತುಮಕೂರಿನ ಒಂದು ಮೈಕ್‌ಸೆಟ್ ಅಂಗಡಿಯಲ್ಲಿ ಆಪರೇಟರ್ ಆಗಿದ್ದೆ. ಆಂಪ್ಲಿಫೈಯರ್, ಹಾರ್ನ್, ಮೈಕು, ವೈರುಗಳ ಜೊತೆ ತಾನೂ ಬಾಡಿಗೆಗೆ ಹೋಗುವ ಮನುಷ್ಯನಿಗೆ ಆಪರೇಟರ್ ಎಂದು ಹೆಸರು. ಆ ವರ್ಷ ನನ್ನನ್ನು ಗುಬ್ಬಿಯಲ್ಲಿ ಟೆಂಟ್ ಹಾಕಿದ್ದ ಒಂದು ನಾಟಕ ಕಂಪನಿಗೆ ಕಳಿಸಿದ್ದರು. ಗುಬ್ಬಿ ಕ್ಯಾಂಪ್ ಮುಗಿದ ಮೇಲೆ ಕಂಪನಿ ಕುಣಿಗಲ್‌ಗೆ ಹೊರಡುವುದಿತ್ತು. ಸೆಟ್ಟಿನ ಜೊತೆ ನಾನೂ ಹೋಗಬೇಕಿತ್ತು.

ಇದನ್ನು ಬರೆಯಲು ಕೂತದ್ದು ಪ್ರೀತಿಯಿಂದಲ್ಲ, ಸಿಟ್ಟಿನಿಂದ. ಈಚೆಗೆ ಒಂದು ಸಮಾರಂಭದಲ್ಲಿ ಹಳೆಯ ಕಂಪನಿ ನಾಟಕಗಳ ಬಗ್ಗೆ ಮಾತಾಡಿದವರೊಬ್ಬರು ಆ ಗುಬ್ಬಿ ಕ್ಯಾಂಪಿನ ಪ್ರಸಂಗವನ್ನೂ ಎತ್ತಿಕೊಂಡರು. ಅವರ ಪ್ರಕಾರ ಗಿಟಾರ್ ಮೊಳಗಿತು, ಟೆಂಟಿಗೆ ಟೆಂಟೇ ಎದ್ದು ಚಪ್ಪಾಳೆ ತಟ್ಟಿತು, ಹಾರ್ಮೋನಿಯಂ ಮೇಷ್ಟ್ರು ಕಣ್ಣೀರಿಟ್ಟು ಗಿಟಾರಿನವನನ್ನು ತಬ್ಬಿಕೊಂಡರು. ತಬ್ಬಿಕೊಂಡರಂತೆ! ಆ ಸಮಾರಂಭದಲ್ಲಿ ನಾನು ಎರಡನೇ ಸಾಲಿನಲ್ಲೇ ಕೂತಿದ್ದೆ. ಯಾರೂ ನನ್ನನ್ನು ಕೇಳಲಿಲ್ಲ. ನನ್ನ ನೆನಪೂ ಪೂರ್ತಿ ನಂಬಲು ಯೋಗ್ಯವಲ್ಲ. ಈ ಕತೆಯಲ್ಲಿ ಬರುವ ಪೈಪು ನನ್ನ ಕಣ್ಣಿಗೆ ಈಗಲೂ ಹಸಿರಾಗಿ ಕಾಣುತ್ತದೆ. ಆದರೆ ಅಂದು ನಮ್ಮ ಕಡೆ ಇದ್ದದ್ದೆಲ್ಲ ಕಪ್ಪು ರಬ್ಬರ್ ಪೈಪು. ಹಸಿರು ಎಲ್ಲೋ ಆಮೇಲೆ ಸೇರಿಕೊಂಡಿದೆ. ಬಣ್ಣ ತಪ್ಪಿರಬಹುದು. ತಬ್ಬಿಕೊಂಡದ್ದಂತೂ ಇಲ್ಲ.

ಗಿಟಾರಿನವನ ಹೆಸರು ಗಂಗಾಧರ. ಚೇಳೂರಿನವನು. ಬೆಂಗಳೂರಿನಲ್ಲಿ ಆರ್ಕೆಸ್ಟ್ರಾ ಒಂದರಲ್ಲಿದ್ದು, ತೊಡೆಯ ಮೇಲೆ ಅಡ್ಡ ಮಲಗಿಸಿ ಉಕ್ಕಿನ ತುಂಡು ಜಾರಿಸಿ ನುಡಿಸುವ ಎಲೆಕ್ಟ್ರಿಕ್ ಗಿಟಾರ್ ಕಲಿತು ಬಂದಿದ್ದ. ಅವನ ಹೆಂಡತಿ ಕಮಲ ಅದೇ ಕಂಪನಿಯ ಎರಡನೇ ನಾಯಕಿ. ಕುಣಿಗಲ್ ಕ್ಯಾಂಪ್ ಮುಗಿಯುವವರೆಗೆ ಆಕೆ ಕರಾರಿಗೆ ಸಹಿ ಹಾಕಿದ್ದಳು. ಸಿನಿಮಾ ನೋಡಿ ಬಂದ ಹುಡುಗರು ಗಿಟಾರ್ ಕೇಳುತ್ತಾರೆ ಎಂಬ ಆಸೆಯಿಂದ ಕಂಪನಿಯ ಯಜಮಾನರು ಗಂಡನನ್ನೂ ಸೇರಿಸಿಕೊಂಡಿದ್ದರು.

ಆದರೆ ನಮ್ಮ ಹಾರ್ನ್‌ನಲ್ಲಿ ಆ ಗಿಟಾರ್ ಸತ್ತುಹೋಗುತ್ತಿತ್ತು. ತಗಡಿನ ಹಾರ್ನ್ ಮನುಷ್ಯನ ಕೂಗನ್ನು ದೂರ ಒಯ್ಯಲು ಮಾಡಿದ ವಸ್ತು. ಅದಕ್ಕೆ ಕೆಳಗಿನ ಸ್ವರಗಳು ದಕ್ಕುವುದಿಲ್ಲ. ಹಾರ್ಮೋನಿಯಂ ಹೇಗೋ ಬದುಕುತ್ತದೆ, ಗಿಟಾರ್ ತಂತಿಯಷ್ಟೇ ಸಣ್ಣಗಾಗುತ್ತದೆ.

"ಏನ್ಲಾ ಗಂಗಾಧರ, ಕಿವಿ ತಾವ ಸೊಳ್ಳೆ ಗುಂಯ್ ಅಂದಂಗೆ ಅಂತದೆ," ಎಂದರು ಯಜಮಾನರು ಒಂದು ದಿನ ಎಲ್ಲರ ಎದುರಿಗೆ. "ಶನಿವಾರದ ಆಟಕ್ಕೆ ಟೆಂಟ್ ತುಂಬಬೇಕು ನಿನ್ನ ಗಿಟಾರು. ಇಲ್ದಿದ್ರೆ ನೀನು ಊರಿಗೆ ಹೋಗು. ಕಮಲ ಕುಣಿಗಲ್‌ಗೆ ನಮ್ಜೊತೆ ಬತ್ತಾಳೆ."

ಹಾರ್ಮೋನಿಯಂ ನುಡಿಸುವ ರಾಮಣ್ಣ ಮೇಷ್ಟ್ರು ವೀಳ್ಯದೆಲೆ ಮಡಚುತ್ತಾ, "ಸೊಳ್ಳೆಗೆ ಶನಿವಾರದವರ್ಗೂ ಯಾಕೆ ಕಾಯ್ತೀರಾ ಯಜಮಾನ್ರೇ? ಇವತ್ತೇ ಹೊಗೆ ಹಾಕಿ," ಎಂದರು. ವಾದ್ಯದವರೆಲ್ಲ ನಕ್ಕರು. ಹಾರ್ಮೋನಿಯಮ್ಮಿಗೆ ಅವರ ಭಾಷೆಯಲ್ಲಿ ಪೆಟ್ಟಿಗೆ ಎಂದು ಹೆಸರು. ಪೆಟ್ಟಿಗೆ ಹೇಳಿದ ಹಾಗೆ ಉಳಿದವರು ನುಡಿಯಬೇಕು. ಆ ಪೆಟ್ಟಿಗೆಯ ಪಕ್ಕ ಕರೆಂಟಿನ ವಾದ್ಯವೊಂದು ಬಂದು ಕೂತದ್ದು ಮೇಷ್ಟ್ರಿಗೆ ಮೊದಲ ದಿನದಿಂದಲೂ ಉರಿ.

ನನಗೆ ಗಂಗಾಧರನ ಮೇಲಿನ ಕನಿಕರಕ್ಕಿಂತ ಮೇಷ್ಟ್ರ ಆ ನಗೆಯ ಮೇಲಿನ ಕೋಪವೇ ಹೆಚ್ಚಿತ್ತು. ಜೊತೆಗೆ ಒಂದು ಹುಚ್ಚೂ ಇತ್ತು. ಸ್ಟೀರಿಯೊ ಎಂಬ ಹೊಸ ವಿದ್ಯೆಯ ಬಗ್ಗೆ ಯಾವುದೋ ಇಂಗ್ಲಿಷ್ ರೇಡಿಯೊ ಪತ್ರಿಕೆಯಲ್ಲಿ ಓದಿದ್ದೆ. ಒಂದೇ ಶಬ್ದ ಎರಡು ಕಡೆಯಿಂದ ಬಂದು, ಒಂದು ಕಡೆಯದು ಚೂರೇ ಚೂರು ತಡವಾದರೆ ಕಿವಿ ಅದನ್ನು ಎರಡು ಶಬ್ದವೆಂದು ಲೆಕ್ಕ ಹಾಕುವುದಿಲ್ಲ. ಒಂದೇ ಶಬ್ದ, ಆದರೆ ಅಗಲವಾದದ್ದು ಎಂದುಕೊಳ್ಳುತ್ತದೆ. ತಡ ಸುಮಾರು ಇಪ್ಪತ್ತು ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಐವತ್ತನೇ ಒಂದು ಭಾಗ ಇರಬೇಕು. ಅದು ಬಹಳ ಹೆಚ್ಚಾದರೆ ಬಾವಿಯೊಳಗೆ ಕೂಗಿದ ಹಾಗೆ ಪ್ರತಿಧ್ವನಿ ಬೇರೆಯಾಗಿ ಕೇಳುತ್ತದೆ.

ಆ ತಡವನ್ನು ಎಲ್ಲಿಂದ ತರುವುದು? ಅದಕ್ಕೆ ಬೇಕಾದ ಯಂತ್ರ ನಮ್ಮ ಅಂಗಡಿಯಲ್ಲಿರಲಿಲ್ಲ. ಆದರೆ ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ಸಾವಿರದ ನೂರು ಅಡಿ ಹೋಗುತ್ತದೆ. ಅಂದಮೇಲೆ ಇಪ್ಪತ್ತೆರಡು ಅಡಿ ನಡೆಸಿದರೆ ಇಪ್ಪತ್ತು ಮಿಲಿಸೆಕೆಂಡ್ ತಡವಾಗಿಯೇ ಬರಬೇಕು. ನಡೆಸಲು ಒಂದು ದಾರಿ ಬೇಕು, ಅಷ್ಟೆ.

"ನಾಗಣ್ಣ, ಪಂಪ್‌ಸೆಟ್ ಪೈಪ್ ಆಗ್ತದಾ?" ಎಂದು ನನ್ನನ್ನು ಕೇಳಿದ ಗಂಗಾಧರ. ಮರುದಿನ ಚೇಳೂರಿನ ಬಸ್ಸಿನ ಟಾಪಿನ ಮೇಲಿಂದ ಅವನಪ್ಪನ ತೋಟದ ರಬ್ಬರ್ ಪೈಪು ಇಳಿಯಿತು.

ಹಾರ್ನ್‌ನ ಹಿಂದೆ ಶಬ್ದ ಹುಟ್ಟಿಸುವ ಭಾಗಕ್ಕೆ ಯೂನಿಟ್ ಎನ್ನುತ್ತೇವೆ. ಹಾರ್ನ್ ಬಿಚ್ಚಿ, ಆ ಯೂನಿಟ್ಟಿನ ಕತ್ತಿಗೆ ಪೈಪಿನ ಒಂದು ತುದಿ ತೂರಿಸಿ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದೆವು. ಇನ್ನೊಂದು ತುದಿಗೆ ಒಂದು ಮೈಕು. ಹೊರಗಿನ ಗದ್ದಲ ನುಗ್ಗದಂತೆ ಅದರ ಸುತ್ತ ಹತ್ತಿ, ಅದರ ಮೇಲೆ ತೆಂಗಿನ ನಾರು, ಅದರ ಮೇಲೆ ಗೋಣಿ. ಗಿಟಾರ್ ನೇರವಾಗಿ ಎಡಗಡೆಯ ಹಾರ್ನ್‌ಗೆ ಹೋಗುತ್ತದೆ. ಅದೇ ಗಿಟಾರ್ ಪೈಪಿನೊಳಗೆ ಸುತ್ತಿ ಬಂದು, ಬೇರೆ ಆಂಪ್ಲಿಫೈಯರ್ ಮೂಲಕ ಬಲಗಡೆಯ ಹಾರ್ನ್‌ಗೆ ಹೋಗುತ್ತದೆ. ಪೈಪಿನೊಳಗೆ ಹೋಗಿ ಬಂದ ಶಬ್ದ ಮಂಕಾಗುತ್ತಿತ್ತು, ಚೂಪೆಲ್ಲ ಸವೆದು. ನೇರದ್ದು ಚೂಪು, ಪೈಪಿನದ್ದು ದಪ್ಪ. ಎರಡೂ ಕೂಡಿದರೆ ಏನಾಗುತ್ತದೆಂದು ಶುಕ್ರವಾರ ಬೆಳಿಗ್ಗೆ ಖಾಲಿ ಟೆಂಟಿನ ನಡುವೆ ಕೂತು ಕೇಳಿದೆವು.

ಇಷ್ಟು ಮಾತ್ರ ನೆನಪಿನ ಮೇಲೆ ಅನುಮಾನವಿಲ್ಲದೆ ಹೇಳಬಲ್ಲೆ: ಗಿಟಾರ್ ಹಾರ್ನ್ ಬಿಟ್ಟು ಹೊರಗೆ ಬಂದಿತ್ತು. ರಂಗದ ಈ ತುದಿಯಿಂದ ಆ ತುದಿಯವರೆಗೆ ಶಬ್ದವೇ ಒಂದು ಪರದೆಯಾಗಿ ಇಳಿಬಿದ್ದಿತ್ತು. ಕಮಲ ನನ್ನ ಪಕ್ಕದ ಚಾಪೆಯ ಮೇಲೆ ಕೂತಿದ್ದಳು. "ಅಣ್ಣಾ, ಇದು ಇವರದೇನಾ?" ಎಂದಳು.

ಶನಿವಾರ ಸಂಜೆ ಟೆಂಟ್ ತುಂಬಿತು. ಗಂಗಾಧರ ಮೊದಲ ಹಾಡಿನ ಮಟ್ಟು ಎತ್ತಿಕೊಂಡ. ಗಂಡಸರ ಕಡೆಯಿಂದ ಸೀಟಿ ಬಿತ್ತು. ಮೆಚ್ಚುಗೆಯದಲ್ಲ.

"ಸೊಳ್ಳೆ ಬಂತು, ಹೊದ್ಕೊಳ್ರೋ!"

ಹೆಂಗಸರ ಕಡೆಯಲ್ಲಿ ಬೇರೆಯದೇ ಕಾಯಿಲೆ. ಅಲ್ಲಿ ಒಬ್ಬಾಕೆ ಪಕ್ಕದವಳಿಗೆ ಹೇಳಿದ್ದು ರಂಗದ ಪಕ್ಕದಲ್ಲಿದ್ದ ನನಗೂ ಕೇಳಿಸಿತು: "ಯಾರೋ ಕಂಬ್ಳಿ ಒಳಗೆ ಕುಂತು ಗೊಣಗ್ದಂಗೆ ಅದೆ ಕಣೇ."

ಶುಕ್ರವಾರ ನಾವು ಕೂತು ಕೇಳಿದ ಆ ನಡು ಜಾಗದಲ್ಲಿ ಈಗ ಉದ್ದಕ್ಕೂ ಹಗ್ಗ ಕಟ್ಟಿ ಬಟ್ಟೆ ಇಳಿಬಿಟ್ಟಿದ್ದರು. ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು. ಎಲ್ಲ ಕಂಪನಿಗಳ ಪದ್ಧತಿ ಅದು. ಆಟದ ಹೊತ್ತಿಗೆ ಮಾತ್ರ ಕಟ್ಟಿ ಆಮೇಲೆ ಬಿಚ್ಚಿಡುತ್ತಿದ್ದರು. ದಿನವೂ ಕಣ್ಣೆದುರಿಗಿದ್ದ ಹಗ್ಗ ನನ್ನ ಲೆಕ್ಕದಲ್ಲೇ ಇರಲಿಲ್ಲ. ಕಿವಿ ಯಾವಾಗಲೂ ಹತ್ತಿರದ ಹಾರ್ನ್ ಹೇಳಿದ್ದನ್ನೇ ನಂಬುತ್ತದೆ. ಹಾಗಾಗಿ ಗಂಡಸರಿಗೆ ಬರೀ ಚೂಪು, ಹೆಂಗಸರಿಗೆ ಬರೀ ಮಂಕು ಬಂತು. ಎರಡೂ ಕೂಡುವ ಜಾಗ ಹಗ್ಗದ ಕೆಳಗಿನ ಗೇಣಗಲದ ನೆಲ. ಅಲ್ಲಿ ಒಂದು ನರಪಿಳ್ಳೆಯೂ ಕೂತಿರಲಿಲ್ಲ.

ಆಟ ಮುಗಿದ ಮೇಲೆ ಮೇಷ್ಟ್ರು ಪೈಪಿನ ಸುರುಳಿಯನ್ನು ಕಾಲಲ್ಲಿ ತಳ್ಳಿ ನೋಡಿದರು. "ಇದ್ರೊಳಕ್ಕೆ ನೀರು ಬುಡ್ರೋ. ತೆಂಗಿನ ಸಸಿಗಾದ್ರೂ ಆಯ್ತದೆ."

ನಾನು ಯಜಮಾನರ ಹತ್ತಿರ ಹೋಗಿ, ಹಗ್ಗವನ್ನು ಉದ್ದಕ್ಕೆ ಕಟ್ಟುವುದು ಬಿಟ್ಟು ಅಡ್ಡಕ್ಕೆ ಕಟ್ಟೋಣ, ಹೆಂಗಸರು ಮುಂದೆ, ಗಂಡಸರು ಹಿಂದೆ ಕೂರಲಿ ಎಂದೆ. ಅವರು ನನ್ನನ್ನು ಹೊಡೆಯಲಿಲ್ಲ ಎನ್ನುವುದೇ ಆಶ್ಚರ್ಯ.

"ಮುಂದಿನ ಕುರ್ಚಿ ಬುಟ್ಟು ಊರಿನ ದೊಡ್ಡೋರು ಹಿಂದೆ ಕುಂತ್ಕತ್ತಾರಾ, ನಿನ್ನ ಪೈಪ್‌ಗೋಸ್ಕರ? ಹೆಂಗಸರ ಹಗ್ಗ ಮುಟ್ಟಕ್ಕೆ ನೀನ್ಯಾವೋನ್ಲಾ?"

"ಹಾಗಾದ್ರೆ ಭಾನುವಾರ ಒಂದು ಆಟ ಕೊಡಿ. ಹಗ್ಗ ಮುಟ್ಟಲ್ಲ, ಹೊರಗಿನ ಹಾರ್ನ್ ಮುಟ್ತೀನಿ."

ಟಿಕೆಟ್ ಕೌಂಟರಿನ ಮೇಲೆ ಒಂದು ಹಾರ್ನ್ ಇರುತ್ತಿತ್ತು. ಆಟಕ್ಕೆ ಮುಂಚೆ ಅದರಲ್ಲಿ ಗ್ರಾಮಫೋನ್ ಪ್ಲೇಟ್ ಹಾಕಿ ಜನ ಸೇರಿಸುವುದು ವಾಡಿಕೆ.

"ಅದನ್ನ ಇಳಿಸಿದ್ರೆ ಜನ ಎಲ್ಲಿಂದ ಬತ್ತಾರ್ಲಾ?"

"ಎರಡನೇ ಬೆಲ್ ಆದ್ಮೇಲೆ ಅದು ಯಾರಿಗೆ ಹಾಡ್ತದೆ ಯಜಮಾನ್ರೇ? ನಾಯಿಗಾ?"

ಅವರು ತಿರುಗಿ ಟಿಕೆಟ್ ದುಡ್ಡು ಎಣಿಸತೊಡಗಿದರು. ಒಪ್ಪಿಗೆ ಎಂದು ತಿಳಿದೆ. ಭಾನುವಾರ ಎರಡನೇ ಬೆಲ್ ಆದ ಕೂಡಲೇ ಗಳ ಹತ್ತಿ ಆ ಹಾರ್ನ್ ಇಳಿಸಿ ಒಳಗೆ ತಂದೆ. ನೇರ ಗಿಟಾರಿನ ಹಾರ್ನ್ ಒಂದನ್ನು ಮೊದಲೇ ರಂಗದ ನಡುವೆ, ಹಗ್ಗದ ನೇರಕ್ಕೆ ಕಟ್ಟಿದ್ದೆ. ಪೈಪಿನ ಗಿಟಾರನ್ನು ಎರಡು ಹಾರ್ನ್‌ಗೆ ಹಂಚಿ, ಒಂದನ್ನು ಗಂಡಸರ ಹೊರಮಗ್ಗುಲಿಗೆ, ಇನ್ನೊಂದನ್ನು ಹೆಂಗಸರ ಹೊರಮಗ್ಗುಲಿಗೆ ಕಟ್ಟಿದೆ. ಈಗ ಹಗ್ಗದ ಯಾವ ಕಡೆ ಕೂತರೂ ಚೂಪು ಒಂದು ಕಡೆಯಿಂದ, ದಪ್ಪ ಇನ್ನೊಂದು ಕಡೆಯಿಂದ.

ಅಂದು ಏನಾಯಿತು? ಚಪ್ಪಾಳೆ ಬೀಳಲಿಲ್ಲ. ಇದನ್ನು ಆ ಭಾಷಣಕಾರರು ದಯವಿಟ್ಟು ಬರೆದುಕೊಳ್ಳಲಿ. ಜನ ಸುಮ್ಮನಾದರು. ಸೀಟಿ ಹೊಡೆಯಲು ಬಂದಿದ್ದ ಹುಡುಗರು ಬಾಯಿಗಿಟ್ಟ ಬೆರಳು ತೆಗೆದು ಕತ್ತು ತಿರುಗಿಸಿ ಗಿಟಾರ್ ಎಲ್ಲಿದೆಯೆಂದು ಹುಡುಕಿದರು. ಗೋಡೆ ಇಲ್ಲದ ಟೆಂಟಿನಲ್ಲಿ ಗೋಡೆಯಷ್ಟು ಗಿಟಾರ್ ನಿಂತಿತ್ತು. ಮೇಷ್ಟ್ರು ಮುಖ ಕೆಳಗೆ ಹಾಕಿ ಪೆಟ್ಟಿಗೆ ಒತ್ತುತ್ತಿದ್ದರು. ಗಂಗಾಧರ ನನ್ನ ಕಡೆ ನೋಡಿದ. ಅವನ ಕೆಲಸ ಉಳಿಯಿತೆಂದು ಇಬ್ಬರೂ ಅಂದುಕೊಂಡೆವು.

ಸೋಮವಾರ ಬೆಳಿಗ್ಗೆ ಯಜಮಾನರು ರಂಗದ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತರು. ಮೇಷ್ಟ್ರು ಪಕ್ಕದಲ್ಲಿದ್ದರು. ರಾತ್ರಿಯೇ ಮಾತಾಗಿತ್ತೆಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು.

"ಪೈಪು ಭೇಷಾಗದೆ ಕಣ್ಲಾ ನಾಗರಾಜ. ಇವತ್ತಿಂದ ಅದ್ರೊಳಕ್ಕೆ ಪೆಟ್ಗೆ ಬುಡು."

"ನಾನು?" ಎಂದ ಗಂಗಾಧರ.

"ನೀನ್ಯಾಕ್ಲಾ? ದಪ್ಪ ಆಗಿದ್ದು ಪೈಪಿಂದ. ಪೆಟ್ಗೆನೂ ಹಂಗೇ ದಪ್ಪ ಆಯ್ತದೆ. ನೀನು ಊರಿಗೋಗು."

ಗಂಗಾಧರ ಕೂಗಾಡಲಿಲ್ಲ. ನೆಲಕ್ಕೆ ಕೂತು ಯೂನಿಟ್ಟಿನ ಕತ್ತಿನಿಂದ ಸೈಕಲ್ ಟ್ಯೂಬ್ ಬಿಚ್ಚಿದ. ಗೋಣಿ, ನಾರು, ಹತ್ತಿ ತೆಗೆದು ನನ್ನ ಮೈಕನ್ನು ನನ್ನ ಕೈಗಿಟ್ಟ. ನಾನು ವೈರ್ ಸುತ್ತುತ್ತಿದ್ದೆ.

"ಏಯ್, ಏನ್ಲಾ ಮಾಡ್ತಿದೀಯಾ?"

"ಪೈಪು ನಮ್ಮಪ್ಪನ ತೋಟದ್ದು ಯಜಮಾನ್ರೇ."

"ಅಂಗಾರೆ ನೀರು ಬುಡೋಕೆ ಹೊಂಟೆ ಅನ್ನು," ಎಂದರು ಮೇಷ್ಟ್ರು.

"ಹೂಂ ಮೇಷ್ಟ್ರೇ. ಸಸಿಗಳು ಬೇರೆಯೋರ ಪೈಪ್ ಕೇಳಲ್ಲ."

ಹೆಗಲಿಗೆ ಪೈಪಿನ ಸುರುಳಿ, ಕೈಯಲ್ಲಿ ಗಿಟಾರ್. ಆ ಕ್ಷಣವೇ ಕಮಲ ಗೆಜ್ಜೆ ಕಿತ್ತೆಸೆದು ಗಂಡನ ಹಿಂದೆ ಹೊರಟಳು ಎಂದು ಭಾಷಣಕಾರರು ಹೇಳಿದರು. ಇಲ್ಲ. ಕರಾರಿತ್ತು. ಅವಳು ಗಂಡನ ಬಟ್ಟೆಯ ಚೀಲ ತಂದುಕೊಟ್ಟು, "ಹೊತ್ತಿಗೆ ಸರ್ಯಾಗಿ ಊಟ ಮಾಡಿ," ಎಂದಳು. ಅವನು ಬಸ್‌ಸ್ಟ್ಯಾಂಡಿನ ಕಡೆ ಹೋದ.

ಸಂಜೆ ಬಣ್ಣ ಹಚ್ಚಿಕೊಂಡು ನನ್ನ ಆಂಪ್ಲಿಫೈಯರ್ ಹತ್ತಿರ ಬಂದಳು.

"ಅಣ್ಣಾ, ಇವತ್ತು ನನ್ನ ಪದಕ್ಕೆ ಪೆಟ್ಗೆ ಮೈಕ್ ಬೇಡ."

"ಯಜಮಾನ್ರು ನನ್ನ ಓಡಿಸ್ತಾರಮ್ಮ."

"ಓಡಿಸ್ಲಿ. ಬೆಳಗ್ಗೆ ಒಬ್ರನ್ನ ಓಡಿಸ್ದಾಗ ನೀವು ವೈರ್ ಸುತ್ತುತಾ ಕೂತಿದ್ರಿ."

ಎರಡನೇ ಅಂಕದಲ್ಲಿ ಅವಳ ಪದ ಬಂತು. ಪೆಟ್ಟಿಗೆಯ ಮೈಕಿನ ಗುಂಡಿಯನ್ನು ಸೊನ್ನೆಗೆ ತಿರುಗಿಸಿದೆ. ಮೇಷ್ಟ್ರು ಒತ್ತಿದರು, ತಿದಿ ಜಗ್ಗಿದರು, ನನ್ನ ಕಡೆ ನೋಡಿ ಕಣ್ಣು ಕೆಂಪಗೆ ಮಾಡಿದರು. ಮೊದಲ ಸಾಲಿನ ಆಚೆ ಪೆಟ್ಟಿಗೆಯ ಸದ್ದು ದಾಟಲಿಲ್ಲ. ಅವಳ ಗಂಟಲು ಬರಿದಾಗಿ, ಒರಟಾಗಿ, ನಡುವಿನ ಹಾರ್ನ್‌ನಿಂದ ಹಗ್ಗದ ಎರಡು ಕಡೆಗೂ ಹೋಯಿತು.

"ಪೆಟ್ಗೆ ಎಲ್ಲೋಯ್ತೋ?" ಎಂದು ಗಂಡಸರ ಕಡೆಯಿಂದ ಒಬ್ಬ ಕೂಗಿದ.

ಬಟ್ಟೆಯ ಆಚೆಯಿಂದ ಒಂದು ಹೆಣ್ಣಿನ ದನಿ ಬಂತು: "ಸುಮ್ಕಿರ್ಲಾ. ಆವಮ್ಮ ಹೇಳ್ತಾವ್ಳೆ, ಕೇಳು."

ಮರುದಿನ ಅಂಗಡಿಯವರು ನನ್ನನ್ನು ತುಮಕೂರಿಗೆ ಕರೆಸಿಕೊಂಡು, ಬೇರೆ ಆಪರೇಟರನ್ನು ಕಳಿಸಿದರು. ಕುಣಿಗಲ್ ಕ್ಯಾಂಪನ್ನು ನಾನು ನೋಡಲಿಲ್ಲ. ಅಲ್ಲಿ ಕರಾರು ಮುಗಿದ ದಿನವೇ ಕಮಲ ಚೇಳೂರಿಗೆ ಹೋದಳು ಎಂದು ಕೇಳಿದ್ದೇನೆ. ಕೇಳಿದ್ದನ್ನು ನೋಡಿದ್ದೆಂದು ಹೇಳಲಾರೆ.

ಆಮೇಲೆ ಎಷ್ಟೋ ಸಭೆಗಳಿಗೆ ಮೈಕ್ ಕಟ್ಟಿದೆ, ಸ್ಟುಡಿಯೊಗಳಲ್ಲೂ ಕೂತೆ. ಪೈಪು ಮಾಡಿದ ಕೆಲಸವನ್ನು ಈಗ ಅಂಗೈಯಗಲದ ಡಬ್ಬಿಯೊಂದು ಮಾಡುತ್ತದೆ. ಹುಡುಗರು ಎರಡು ಸ್ಪೀಕರುಗಳ ಸರಿಯಾದ ನಡುವೆ ಕೂತು ಕೇಳಿ ಆಹಾ ಎನ್ನುತ್ತಾರೆ. ನಾನು ಎದ್ದು ಹೋಗಿ ಮೂಲೆಯಲ್ಲಿ ನಿಂತು ಕೇಳುತ್ತೇನೆ. ನಡುವಿನ ಜಾಗದಲ್ಲಿ ಯಾರೂ ಕೂರುವುದಿಲ್ಲ, ಅಲ್ಲಿ ಹಗ್ಗ ಇರುತ್ತದೆ ಎಂಬುದು ಈ ಕೆಲಸ ನನಗೆ ಕಲಿಸಿದ ಮೊದಲ ಪಾಠ. ಎರಡನೆಯದು ಕಲಿಸಿದವಳು ಕಮಲ. ಗುಂಡಿಯ ಮುಂದೆ ಕೂತವನು ತಾನು ಯಾರ ಕಡೆಗೂ ಸೇರಿದವನಲ್ಲ ಎಂದು ಹೇಳಿದರೆ, ಅವನು ಬೆಳಿಗ್ಗೆಯಿಂದ ವೈರ್ ಸುತ್ತುತ್ತಾ ಕೂತಿದ್ದಾನೆ ಎಂದೇ ಅರ್ಥ.