ರಾಜಮ್ಮ ಟೀಚರು ಎಳೆದ ಗೆರೆಗಳು

ರಾಜಮ್ಮ ಟೀಚರು ಬೇರೆಯವರ ಮನೆ ಗೋಡೆ ಮೇಲೆ ಗೀಚುತ್ತಿದ್ದರು. ಯಾರನ್ನೂ ಕೇಳುತ್ತಿರಲಿಲ್ಲ. ಸೊಂಟಕ್ಕೆ ಕೆಂಪು ಸೀಮೆಸುಣ್ಣ ಸಿಕ್ಕಿಸಿಕೊಂಡು ದೊಡ್ಡಬಳ್ಳಾಪುರದ ನಮ್ಮ ನೇಕಾರರ ಬೀದಿಗೆ ಬಂದರೆ, ಹೊಸದಾಗಿ ಸುಣ್ಣ ಹೊಡೆಸಿದವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಆಳು ಕುಳ್ಳು. ಗಂಟಲು ಮಾತ್ರ ಪವರ್‌ಲೂಮನ್ನೂ ಮೀರಿಸುವಂಥದ್ದು. ಹೈಸ್ಕೂಲಿನಲ್ಲಿ ಹೆಣ್ಣುಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದರು.

ನನ್ನ ತಂಗಿ ಸುಶೀಲ ಹತ್ತನೇ ಕ್ಲಾಸು. ಅರ್ಧವಾರ್ಷಿಕದಲ್ಲಿ ಲೆಕ್ಕಕ್ಕೆ ಹನ್ನೊಂದು ತಂದಳು. ಆರನೇ ಕ್ಲಾಸಿಗೇ ಬಿಟ್ಟು ಮಗ್ಗಕ್ಕೆ ಕೂತ ನನಗೆ ಅದೇನೂ ಕಮ್ಮಿ ಅನ್ನಿಸಲಿಲ್ಲ. ಅಪ್ಪ ಮಾತ್ರ ಒಂದೇ ಮಾತು ಹೇಳಿಬಿಟ್ಟಿದ್ದರು: "ಪಾಸಾದ್ರೆ ಟೀಚರ್ ಟ್ರೈನಿಂಗು. ಫೇಲಾದ್ರೆ ಹಿಂದೂಪುರ." ಹಿಂದೂಪುರದಲ್ಲಿ ಗಂಡು ನೋಡಿಟ್ಟಿದ್ದರು. ಆ ಮನೆಯಲ್ಲಿ ಎಂಟು ಮಗ್ಗ. ಎಂಟಕ್ಕೂ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿಕೊಡಲು ಅವರಿಗೊಬ್ಬಳು ಸೊಸೆ ಬೇಕಿತ್ತು. ಹಿಂದೂಪುರದ ಹೆಸರೆತ್ತಿದರೆ ಸುಶೀಲ ತಟ್ಟೆ ಬಿಟ್ಟು ಎದ್ದುಹೋಗುತ್ತಿದ್ದಳು.

ಟೀಚರು ಅಪ್ಪನಿಗೆ ಮೂರು ಸಲ ಹೇಳಿಕಳಿಸಿದರು. ಅಪ್ಪ ಹೋಗಲಿಲ್ಲ. ಒಂದು ಭಾನುವಾರ ಅವರೇ ಬಂದರು.

"ಇವಳು ದಿನಾ ಎಲ್ಲಿ ಕೂತು ಓದ್ತಾಳೆ?"

ಮಗ್ಗದ ಪಕ್ಕದ ಮೂಲೆ ತೋರಿಸಿದೆವು.

"ಸರಿ. ಕೂತ್ಕೊಳೇ. ನೀವೆಲ್ಲಾ ನಿಮ್ಮ ನಿಮ್ಮ ಕೆಲಸ ಮಾಡ್ಕೊಳಿ. ನಾನು ಇಲ್ಲಿಲ್ಲ ಅಂದ್ಕೊಳಿ."

ಎದುರಿಗೆ ನೂಲಿನ ಗಂಟಿನ ಮೇಲೆ ಕೂತುಬಿಟ್ಟರು. ಸ್ವಲ್ಪ ಹೊತ್ತಿಗೆ ನಾವು ನಿಜವಾಗಿಯೂ ಅವರನ್ನು ಮರೆತೆವು. "ಸುಶೀಲಾ, ನೀರು." "ಸುಶೀಲಾ, ಅಜ್ಜಿಗೆ ಎಲೆ ಅಡಿಕೆ." "ಲೇ ಸುಶೀ, ಕಂಡಿಕೆ ಆಗೋಯ್ತು, ತತ್ತಾ." ಒಂದೊಂದು ಕೂಗಿಗೂ ಟೀಚರು ಗೋಡೆ ಮೇಲೆ ಒಂದೊಂದು ಗೆರೆ ಎಳೆದರು. ಗಂಟೆ ಮುಗಿಯುವ ಹೊತ್ತಿಗೆ ಮೂವತ್ತೊಂದು. ಅದರಲ್ಲಿ ಹದಿನಾಲ್ಕು ನನ್ನವು.

ಅಪ್ಪನಿಗೆ ಕಂಡದ್ದು ಗೋಡೆ ಮಾತ್ರ. "ಏನ್ ಟೀಚರಮ್ಮ ಇದು! ಯುಗಾದಿಗೆ ಸುಣ್ಣ ಹೊಡ್ಸಿದ್ದೆ ಕಣಮ್ಮ!"

"ಬರೋ ಯುಗಾದಿಗೆ ಮತ್ತೆ ಹೊಡೆಸ್ತೀರಲ್ಲ ಯಜಮಾನ್ರೇ. ಅಷ್ಟರಲ್ಲಿ ಇವಳ ಪರೀಕ್ಷೆ ಮುಗಿದೋಗಿರುತ್ತೆ. ಒಂದು ಗಂಟೇಲಿ ಮೂವತ್ತೊಂದು ಸಲ ಎದ್ದವಳು ಹನ್ನೊಂದು ತಗೊಂಡಿದ್ದೇ ದೊಡ್ಡದು. ಫೇಲಾಗಿರೋದು ಇವಳಲ್ಲ. ಈ ಮನೆ."

ಅಪ್ಪ ಇದಕ್ಕೆ ಬಗ್ಗುವ ಆಸಾಮಿಯಲ್ಲ. ಆದರೆ ಟೀಚರು ಎದುರುಮನೆ ನರಸಿಂಹಪ್ಪನ ಮಗಳಿಗೂ ಹೀಗೇ ಎಣಿಸಿದ್ದರು. ಅಲ್ಲಿ ಹತ್ತೊಂಬತ್ತೇ ಗೆರೆ. ನರಸಿಂಹಪ್ಪ ಜಗಲಿ ಮೇಲೆ ಕೂತು ಬಂದುಹೋಗುವವರಿಗೆಲ್ಲ ಅದನ್ನೇ ಹೇಳಿದ. ಅಪ್ಪನಿಗೆ ತಡೆಯಲಾಗಲಿಲ್ಲ.

"ಮುಂದಿನ ಭಾನುವಾರ ಯಾವನಾದ್ರೂ ಸುಶೀಲಾ ಅಂತ ಬಾಯ್ಬಿಟ್ರೆ ನೋಡಿ ಮತ್ತೆ!"

ಭಾನುವಾರ ಯಾರೂ ಬಾಯಿ ಬಿಡಲಿಲ್ಲ. ನಾನು ಖಾಲಿ ಕಂಡಿಕೆಯನ್ನು ಅವಳ ಕಾಲ ಬಳಿ ಎಸೆದೆ. ಅಪ್ಪ ಖಾಲಿ ಲೋಟ ಎತ್ತಿ ತೋರಿಸಿದರು. ಅಜ್ಜಿ ಕೋಲಿನಿಂದ ಅವಳ ಬೆನ್ನಿಗೆ ತಿವಿದಳು. ಟೀಚರು ಎಲ್ಲಕ್ಕೂ ಗೆರೆ ಎಳೆದರು.

"ಅನ್ಯಾಯ ಕಣಮ್ಮ, ಯಾರ್ ಕರೆದ್ರು ಅವಳನ್ನ?" ಅಂದರು ಅಪ್ಪ.

"ಅವಳು ಎದ್ದಳಲ್ಲ. ಎದ್ದರೆ ಗೆರೆ."

ಇಪ್ಪತ್ತಾರು. ಆಮೇಲೆ ಟೀಚರು ನನ್ನ ಕಡೆ ತಿರುಗಿದರು.

"ಏನಪ್ಪಾ ಗೋವಿಂದ, ನಿನ್ನ ಕೈಗೇನಾಗಿದೆ?"

"ಏನೂ ಆಗಿಲ್ವಲ್ಲ ಟೀಚರ್."

"ಮತ್ತೆ ನಿನ್ನ ಕಂಡಿಕೆ ನೀನೇ ಸುತ್ಕೊ."

"ಅದು ಹೆಂಗಸರ ಕೆಲಸ. ಗಂಡಸ್ರು ಸುತ್ತಲ್ಲ."

"ಯಾಕೆ, ನೂಲು ಮೀಸೆ ನೋಡಿ ಹರಿದೋಗುತ್ತಾ?"

ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. ನನಗೆ ಮೈ ಉರಿಯಿತು. ಆದರೂ ರಾಟೆ ಮುಂದೆ ಕೂತೆ. ಬೀದಿಯವರೆಲ್ಲ ಬಾಗಿಲಲ್ಲಿ ನಿಂತು ನೋಡಿದರು. ನೂಲು ಗೋಜಲಾಯಿತು. ನರಸಿಂಹಪ್ಪ, "ಲೋ ಗೋವಿಂದ, ಹಿಂದೂಪುರದೋರು ನಿನ್ನನ್ನೇ ತಗೊಂಡೋಗ್ತಾರೆ ಕಣೋ" ಅಂದ.

ಸುಳ್ಳು ಯಾಕೆ, ನಾನು ತಂಗಿಗೋಸ್ಕರ ಸುತ್ತಲಿಲ್ಲ. ನರಸಿಂಹಪ್ಪನ ಮನೆಯನ್ನು ಸೋಲಿಸಬೇಕಿತ್ತು. ಅಪ್ಪನೂ ಅದಕ್ಕೇ ನೀರಿನ ಕೊಡವನ್ನು ಮಗ್ಗದ ಹತ್ತಿರಕ್ಕೇ ತಂದಿಟ್ಟುಕೊಂಡರು. ಅಮ್ಮ ಎಲೆ ಅಡಿಕೆ ತಟ್ಟೆಯನ್ನು ಅಜ್ಜಿಯ ಮಡಿಲಿಗೇ ಹಾಕಿದಳು. ಫೆಬ್ರವರಿಗೆ ನಮ್ಮ ಗೋಡೆಯಲ್ಲಿ ಗಂಟೆಗೆ ನಾಲ್ಕೇ ಗೆರೆ, ನರಸಿಂಹಪ್ಪನ ಮನೆಗಿಂತ ಕಮ್ಮಿ. ಅಪ್ಪ ಗೆದ್ದೆ ಅಂತ ಬೀದಿಗೆಲ್ಲ ಹೇಳಿಕೊಂಡು ಬಂದರು. ಈ ಗಲಾಟೆಯಲ್ಲಿ ಸುಶೀಲ ಮೂಲೆಯಲ್ಲಿ ಕೂತು ಲೆಕ್ಕ ಮಾಡುತ್ತಲೇ ಇದ್ದಳು. ಅವಳನ್ನು ಯಾರೂ ಗಮನಿಸಲಿಲ್ಲ. ಅವಳಿಗೆ ಬೇಕಾಗಿದ್ದುದೂ ಅದೇ.

ಫಲಿತಾಂಶ ಬರುವ ಮೊದಲೇ ಟೀಚರಿಗೆ ಸೂಲಿಬೆಲೆಗೆ ವರ್ಗವಾಯಿತು. ಸುಶೀಲ ಪಾಸಾದಳು. ಅಪ್ಪ ಒಂದು ಸೀರೆ ಸುತ್ತಿ ಕೊಟ್ಟು, ಮಾರ್ಕ್ಸ್ ಕಾರ್ಡಿನ ಜೊತೆ ನನ್ನನ್ನು ಬಸ್ಸು ಹತ್ತಿಸಿದರು.

ಟೀಚರು ಬಾಡಿಗೆ ಮನೆಯ ಅಂಗಳದಲ್ಲಿ ರಾಗಿ ಕೇರುತ್ತಿದ್ದರು. ಸೀರೆಯ ಕಡೆ ನೋಡಲೂ ಇಲ್ಲ. ಕಾರ್ಡು ಕಿತ್ತುಕೊಂಡರು.

"ಲೆಕ್ಕ ನಲವತ್ತೊಂದಾ?"

"ಹೂಂ ಟೀಚರ್. ಪಾಸು!" ಅಂದೆ ಎದೆಯುಬ್ಬಿಸಿ.

"ಈ ನಲವತ್ತೊಂದು ಅವಳದು. ಕಳೆದೋದ ಐವತ್ತೊಂಬತ್ತು ನಿಮ್ಮನೇದು. ನಿಮ್ಮಪ್ಪಂಗೆ ಹೇಳು, ಜಾಸ್ತಿ ಮೆರೀಬೇಡ ಅಂತ. ಹಿಂದೂಪುರ ಏನಾಯ್ತು?"

"ಬೇಡ ಅಂತ ಅಪ್ಪನೇ ಕಾಗದ ಹಾಕಿದ್ರು. ಟ್ರೈನಿಂಗಿಗೆ ಸೀಟು ಸಿಕ್ಕಿದೆ, ಹಾಸ್ಟೆಲೂ ಸಿಕ್ಕಿದೆ."

ಅವರು ಮೊರ ಕೆಳಗಿಟ್ಟು ಒಳಗೆ ಹೋದರು. ತುಂಬ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಕಾಫಿ ಲೋಟವಿತ್ತು, ಕಣ್ಣು ಕೆಂಪಾಗಿತ್ತು. ರಾಗಿ ಧೂಳು ಅಂದರು. ನಾನು ಕೇಳಿರಲಿಲ್ಲ.

ಬಸ್ಸಿನ ತನಕ ಬಂದರು. ಬಸ್ಸು ಹೊರಡುತ್ತಿದ್ದಂತೆ ಕಿಟಕಿ ಬಡಿದು ಕೂಗಿದರು. ಬಸ್ಸಿನವರೆಲ್ಲ ತಿರುಗಿ ನೋಡಿದರು.

"ಸುಶೀಲಂಗೆ ಹೇಳೋ! ಹಾಸ್ಟೆಲಲ್ಲಿ ಅವಳನ್ನ ಯಾರೂ ಎಬ್ಬಿಸಲ್ಲ! ಅಲ್ಲಿ ಮಾರ್ಕ್ಸ್ ಕಮ್ಮಿ ಬಂದ್ರೆ ತಪ್ಪೆಲ್ಲಾ ಅವಳದೇ!"

ಆಮೇಲೆ ನಾನು ಅವರನ್ನು ನೋಡಲಿಲ್ಲ. ಮತ್ತೆ ಎಲ್ಲಿಗೋ ವರ್ಗವಾಯಿತಂತೆ. ನಾವು ಹಾಕಿದ ಎರಡು ಕಾಗದವೂ ವಾಪಸ್ಸು ಬಂದವು.

ಸೂಲಿಬೆಲೆಯಿಂದ ನಾನು ವಾಪಸ್ಸು ಬಂದ ಸಂಜೆ ಸುಶೀಲ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಳು. ಟೀಚರು ಹೇಳಿದ್ದನ್ನು ಹೇಳಿದಂತೆಯೇ ಒಪ್ಪಿಸಿದೆ. ಹಿಂದೂಪುರದ ಮಾತಿಗೆ ತಟ್ಟೆ ಬಿಟ್ಟು ಏಳುತ್ತಿದ್ದಳೇ ಹೊರತು ನನ್ನ ತಂಗಿ ಹೆದರಿದ್ದನ್ನು ನಾನು ಕಂಡಿರಲಿಲ್ಲ. ಅವತ್ತು ಕಂಡೆ.