ಸರ್ವರಿಗೆ ಆಯುಧಪೂಜೆ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಫೋರ್ಟ್ ಬಡಾವಣೆಯ ಒಂದು ಹಡಗು ಕಂಪನಿಯ ಕಂಪ್ಯೂಟರ್ ವಿಭಾಗದಲ್ಲಿದ್ದೆ. ಸರಕಿನ ಪಟ್ಟಿಗಳಿಗೆಲ್ಲ ಒಂದು ಸರ್ವರ್ ಕೊಳ್ಳಬೇಕಿತ್ತು. ಒಬ್ಬ ಮಾರಾಟಗಾರ, ಕೆಟ್ಟರೆ ಫೋನ್ ಮಾಡಿ, ನಮ್ಮ ಎಂಜಿನಿಯರ್ ಓಡಿಬರುತ್ತಾನೆ, ಒಳಗೇನಿದೆ ಎಂದು ಮಾತ್ರ ಕೇಳಬೇಡಿ ಎಂದ. ಇನ್ನೊಂದು ಸಣ್ಣ ಕಂಪನಿಯವರು ಆಪರೇಟಿಂಗ್ ಸಿಸ್ಟಮ್ಮಿನ ಸೋರ್ಸ್ ಕೋಡನ್ನೇ, ಅಂದರೆ ಅದನ್ನು ಬರೆದ ಮೂಲ ಸಾಲುಗಳನ್ನೇ, ಟೇಪಿನಲ್ಲಿ ಕೊಡುತ್ತೇವೆ, ರಿಪೇರಿ ನೀವೇ ನೋಡಿಕೊಳ್ಳಿ ಎಂದರು. ನನಗೆ ಎರಡನೆಯದೇ ಬೇಕಿತ್ತು. ಮುಚ್ಚಿದ ಡಬ್ಬಿಯ ಮುಂದೆ ಕೈಕಟ್ಟಿ ಕೂತು ಯಾರದೋ ದಾರಿ ಕಾಯುವುದೆಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮ ಆಫೀಸಿನ ಮ್ಯಾನೇಜರು ಮೈಸೂರಿನ ಕಡೆಯವರು, ನಿವೃತ್ತಿಯ ಅಂಚಿನಲ್ಲಿದ್ದರು. "ನನಗೆ ಇದರ ತಲೆಬುಡ ಗೊತ್ತಿಲ್ಲಮ್ಮ. ನೀವು ನೋಡ್ಕೋತೀನಿ ಅಂದ್ರೆ ಸೈನ್ ಹಾಕ್ತೀನಿ" ಎಂದರು. ನಾನು ಶಿಫಾರಸು ಬರೆದೆ, ಅವರು ಸಹಿ ಹಾಕಿದರು. ಹೆಡ್ ಆಫೀಸು ಗೊಣಗುತ್ತಲೇ ಒಪ್ಪಿ ಒಂದು ಸುತ್ತೋಲೆ ಕಳಿಸಿತು: ಕಂಪ್ಯೂಟರ್ ವಿಭಾಗದವರಲ್ಲದೆ ಯಾರೂ ಯಂತ್ರ ಮುಟ್ಟಕೂಡದು, ಮುಟ್ಟಿದವರು ಸಸ್ಪೆಂಡ್. ಅದನ್ನು ಬಾಗಿಲಿಗೆ ಅಂಟಿಸಿದವರೂ ಮ್ಯಾನೇಜರೇ.

ಎಂಟು ತಿಂಗಳು ಯಂತ್ರ ಒಂದು ದಿನವೂ ನಿಲ್ಲಲಿಲ್ಲ. ಆಯುಧಪೂಜೆಯ ದಿನ ನಾನು ಮುಲುಂಡಿನಿಂದ ಬರುವ ಲೋಕಲ್ ರೈಲು ತಡವಾಯಿತು. ನಾನು ಒಳಗೆ ಕಾಲಿಟ್ಟಾಗ ಸರ್ವರ್ ಚೆಂಡುಹೂವಿನ ಹಾರ ಹಾಕಿಕೊಂಡು ತೆಪ್ಪಗೆ ಕೂತಿತ್ತು. ಫ್ಯಾನಿನ ಸದ್ದೇ ಇಲ್ಲ.

"ನಾನೇ ಮೇನ್ ಸ್ವಿಚ್ ಆಫ್ ಮಾಡ್ದೆ. ಓಡ್ತಾ ಇರೋ ಮಿಷನ್ನಿಗೆ ಯಾರಾದ್ರೂ ಅರಿಶಿನ ಕುಂಕುಮ ಇಡ್ತಾರೇನಮ್ಮ?" ಎನ್ನುತ್ತ ಮ್ಯಾನೇಜರು ಪೇಡಾ ಕೊಟ್ಟರು. ಪೂಜೆ ಮಾಡುವುದೂ ಮುಟ್ಟಿದಂತೆಯೇ ಎಂದು ಅವರಿಗೆ ಹೊಳೆದೇ ಇರಲಿಲ್ಲ.

ಅಯ್ಯೋ ಶಿವನೇ! ಅದನ್ನು ಹಾಗೆ ಆರಿಸುವಂತಿಲ್ಲ. ಮೊದಲು ಕಮಾಂಡ್ ಕೊಟ್ಟು ಮೆಮೊರಿಯಲ್ಲಿರುವುದನ್ನೆಲ್ಲ ಡಿಸ್ಕಿಗೆ ಬರೆಸಬೇಕು, ಆಮೇಲೆ ಸ್ವಿಚ್ಚು. ಮತ್ತೆ ಆನ್ ಮಾಡಿ ನೋಡಿದರೆ ಫೈಲುಗಳೆಲ್ಲ ಚೆಲ್ಲಾಪಿಲ್ಲಿ. ಬಂದರಿನಿಂದ ಫೋನಿನ ಮೇಲೆ ಫೋನು. ಸೋರ್ಸ್ ಕೋಡಿನ ಪ್ರಿಂಟೌಟನ್ನು ನೆಲದ ಮೇಲೆ ಹರಡಿಕೊಂಡೆ. ಡಿಸ್ಕಿನಲ್ಲಿ ಯಾವುದು ಎಲ್ಲಿ ಕೂರುತ್ತದೆಂದು ಓದಿ ಓದಿ, ಮೂರನೆಯ ದಿನ ಎಲ್ಲವನ್ನೂ ವಾಪಸ್ ತಂದೆ. ಸೋರ್ಸ್ ಇಲ್ಲದಿದ್ದರೆ ನನ್ನ ಕೈಲಿ ಅದು ಆಗುತ್ತಿರಲಿಲ್ಲ. ಸುಳ್ಳೇಕೆ, ಹೆಮ್ಮೆಯಿಂದ ಬೀಗಿದ್ದೆ.

ಹೆಡ್ ಆಫೀಸು ಕಾರಣ ಕೇಳಿತು. ನಿಜ ಬರೆದರೆ ಮ್ಯಾನೇಜರು ನಿವೃತ್ತಿಯ ಹೊಸ್ತಿಲಲ್ಲಿ ಸಸ್ಪೆಂಡ್ ಆಗುತ್ತಾರೆ. ಬರೆಯದಿದ್ದರೆ ನಾನು ಹಟ ಹಿಡಿದು ತರಿಸಿದ ಯಂತ್ರ ಹೋಗುತ್ತದೆ, ನನ್ನ ಮಾತಿನ ಬೆಲೆಯೂ ಹೋಗುತ್ತದೆ. ಒಂದಿಡೀ ಬೆಳಗು ಪೆನ್ನು ಹಿಡಿದು ಕೂತಿದ್ದೆ. ಕೊನೆಗೆ, ಆಪರೇಟಿಂಗ್ ಸಿಸ್ಟಮ್ಮಿನ ದೋಷ ಎಂದು ಬರೆದುಕೊಟ್ಟೆ. ಮ್ಯಾನೇಜರಿಗೂ ಹಾಗೆಯೇ ಹೇಳಿದೆ.

ಹೆಡ್ ಆಫೀಸು ಆ ಯಂತ್ರ ತೆಗೆಸಿತು; ಮೊದಲ ಮಾರಾಟಗಾರನ, ಎಂಜಿನಿಯರ್ ಓಡಿಬರುವ ಯಂತ್ರ ಬಂತು. ಟೇಪುಗಳನ್ನು ಹಿಂದಕ್ಕೆ ಕಳಿಸಿದ ದಿನ ಮ್ಯಾನೇಜರು ನನ್ನ ಮೇಜಿನ ಹತ್ತಿರ ಬಂದು ದನಿ ತಗ್ಗಿಸಿದರು. "ಬೇಜಾರು ಮಾಡ್ಕೋಬೇಡಿಮ್ಮ. ನಿಮ್ಮ ವಯಸ್ಸಲ್ಲಿ ಇಂಥ ತಪ್ಪು ಎಲ್ರೂ ಮಾಡ್ತಾರೆ. ನಿಮ್ಮ ಫೈಲಲ್ಲಿ ಏನೂ ಬರೀಬೇಡಿ ಅಂತ ಮೇಲಿನವರ ಹತ್ರ ಕೈ ಮುಗಿದು ಕೇಳ್ಕೊಂಡಿದೀನಿ."

"ಉಪಕಾರ ಆಯ್ತು ಸರ್" ಎಂದೆ.