ಕರಿಘಟ್ಟದಲ್ಲಿ ಎತ್ತಿದ ಕೈಗಳು

ಕರಿಘಟ್ಟದ ಮೆಟ್ಟಿಲಲ್ಲಿ ಪರಿಚಯವಾದ ಚಿನಕುರಳಿಯ ಸಿದ್ದಣ್ಣ ಮೂವತ್ತು ವರ್ಷ ಕಲ್ಲು ಒಡೆದವರು. ಅವರ ಹಿಂದೆಯೇ ಹೋಗಿ ಬೆಟ್ಟದ ಮೇಲಿನ ಕುಂಡಲಿನಿ ಯೋಗ ಶಿಬಿರದಲ್ಲಿ ಕೂತೆ. 'ಕೈ ಮೇಲೆ, ಉಸಿರು ಒಳಗೆ. ಕೈ ಕೆಳಗೆ, ಉಸಿರು ಹೊರಗೆ,' ಎಂದರು ಗುರುಗಳು. ಅಲ್ಲಿಯವರೆಗೆ ನನ್ನ ತಕರಾರಿಲ್ಲ. ಸುತ್ತಿಗೆ ಎತ್ತುವಾಗ ಉಸಿರೆಳೆದು, ಬೀಸುವಾಗ 'ಹುಂ' ಎಂದು ಬಿಟ್ಟು ರೂಢಿಯಾದ ಸಿದ್ದಣ್ಣನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆಮೇಲೆ ಕೈ ಎತ್ತಿಕೊಂಡೇ ಉಸಿರು ಹಿಡಿಯಬೇಕೆಂದರು. ಸಿದ್ದಣ್ಣನ ಎದೆ ಸುಯ್‌ಗುಟ್ಟಿ ಕೆಮ್ಮು ಉಕ್ಕಿತು. ಉಬ್ಬಸದ ಪಂಪಿಗಾಗಿ ಚೀಲಕ್ಕೆ ಕೈ ಹಾಕಿದರೆ, 'ಅದನ್ನು ಮುಟ್ಟಬೇಡಿ, ಕುಂಡಲಿನಿ ಏಳ್ತಾ ಇದೆ!' ಎಂದು ತಡೆದರು ಗುರುಗಳು.

'ಏಳ್ತಾ ಇರೋದು ಕಲ್ಲಿನ ದೂಳು ಸಾರ್! ಕುಂಡಲಿನಿ ಅನ್ನೋದಕ್ಕೆ ಪುರಾವೆ ಏನು?' ಎಂದು ನಾನು ರೇಗಿದೆ.

'ಸುಮ್ಕಿರವ್ವ, ದೊಡ್ಡೋರು ಯೋಳ್ತಾವ್ರೆ,' ಎಂದು ಸಿದ್ದಣ್ಣನೇ ಏದುಸಿರಿನಲ್ಲಿ ನನ್ನ ಬಾಯಿ ಮುಚ್ಚಿಸಿದರು. ಆ ವಿನಯ ನೋಡಿ ನನಗೆ ಮೈಯೆಲ್ಲ ಉರಿಯಿತು.

ಹಿಂದಿನ ಸಾಲಿನಿಂದ ಅವರ ಹೆಂಡತಿ ಎದ್ದು ಬಂದು ಚೀಲದಿಂದ ಪಂಪು ತೆಗೆದರು. 'ನಿನ್ ಕುಂಡ್ಲಿನಿ ಮದ್ಯಾನ ಎದ್ರಾಯ್ತು, ಮೊದ್ಲು ಬಾಯ್ ಬುಡು!'

ಅವರು ಒತ್ತಿದ ಕ್ಷಣಕ್ಕೇ ಸಿದ್ದಣ್ಣ ಉಸಿರೆಳೆದರು. ಗುರುಗಳು ಆ ಪಂಪನ್ನೇ ನೋಡುತ್ತಿದ್ದರು, ಇಳಿಸಿ ಎನ್ನುವವರಿಲ್ಲದೆ ಉಳಿದವರ ಕೈಗಳೆಲ್ಲ ಇನ್ನೂ ಮೇಲೇ ಇದ್ದವು.